ಉಂಬಳ ಬಾರದ ಬಾಗಿಲು

ವಜೀರ ತನ್ನ ತಪ್ಪನ್ನು ಒಪ್ಪಿಕೊಳ್ಳುವ ಮನುಷ್ಯನಲ್ಲ. ಇದನ್ನು ನಾನು ಸಿಟ್ಟಿನಿಂದ ಹೇಳುತ್ತಿಲ್ಲ. ಅವನ ಶೆಡ್ಡಿಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ, ಅದೂ ಎದೆಯೆತ್ತರದ್ದು. ಆ ಗೋಡೆಯ ಆಚೆಯಿಂದ ಇಷ್ಟು ವರ್ಷ ತಗಡು ಬಡಿಯುವ ಸದ್ದು, ಬೈಗುಳ, ಕೆಮ್ಮು, ಥಿನ್ನರ್ ವಾಸನೆ ಎಲ್ಲ ಬಂದಿವೆ. ‘ನಂದ ತಪ್ಪಾತು’ ಎಂಬ ಮಾತು ಮಾತ್ರ ಒಮ್ಮೆಯೂ ಬಂದಿಲ್ಲ.

ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯಲ್ಲಿ, ಊರು ಮುಗಿಯುವ ಕಡೆ ಅವನ ತಗಡಿನ ಶೆಡ್ಡು. ಅಪ್ಪ ಪೇಪರ್ ಮಿಲ್ಲಿನಲ್ಲಿ ಬಿದಿರು ಇಳಿಸುತ್ತಿದ್ದವರು. ಮಗ ಶಾಲೆ ಬಿಟ್ಟು ಹುಬ್ಬಳ್ಳಿಗೆ ಓಡಿಹೋಗಿ, ಅಲ್ಲಿ ಒಬ್ಬ ಉಸ್ತಾದನ ಕೈಕೆಳಗೆ ಗಾಡಿಗಳಿಗೆ ಬಣ್ಣ ಹೊಡೆಯುವುದನ್ನು ಕಲಿತು ಬಂದ. ಈಗ ಅರವತ್ತರ ಹತ್ತಿರ ಇದ್ದಾನೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದಿಲ್ಲ. ಅವನ ಕರವಸ್ತ್ರ ನೋಡಿದರೆ ಆ ದಿನ ಯಾವ ಬಣ್ಣದ ಗಾಡಿ ಬಂದಿತ್ತು ಎಂದು ಹೇಳಬಹುದು.

ಹಿಟ್ಟಿನ ಗಿರಣಿಯ ಬಸಲಿಂಗಯ್ಯ ಒಮ್ಮೆ ತನ್ನ ಹಸಿರು ಸ್ಕೂಟರನ್ನು ಬಣ್ಣಕ್ಕೆ ಬಿಟ್ಟಿದ್ದ. ತಿರುಗಿ ಬಂದದ್ದು ಬೇರೆಯೇ ಹಸಿರು.

“ಇದು ಹಸರ ಅಲ್ಲೇನು?” ಎಂದು ಕೇಳಿದ ವಜೀರ.

“ಹಸರ ಹೌದೋ ಮಾರಾಯಾ. ನನ್ನ ಹಸರ ಅಲ್ಲ.”

“ನಿನ್ನ ಹಸರ ಬಿಸಲಿಗೆ ಸತ್ತು ಎಷ್ಟೋ ವರ್ಷ ಆತು. ಇದು ಅದು ಹುಟ್ಟಿದಾಗಿನ ಮಾರಿ. ನೀ ಮರತಿದ್ದಿ, ನಾ ನೆನಪ ಮಾಡಿ ಕೊಟ್ಟೀನಿ.”

ಬಸಲಿಂಗಯ್ಯ ಇವತ್ತಿಗೂ ಅದೇ ಸ್ಕೂಟರಿನಲ್ಲಿ ಓಡಾಡುತ್ತಾನೆ. ಮುಂದೆ ಅವನು ಕೊಂಡ ಹಳೆಯ ಜೀಪಿನ ಬಣ್ಣಕ್ಕೂ ವಜೀರನ ಹತ್ತಿರವೇ ಬಂದ. ಈ ಮನುಷ್ಯನ ಕೆಲಸದಲ್ಲಿ ಸೊಗಸು ಇದೆ, ಅದಕ್ಕೇ ಜನ ಅವನ ಬಾಯಿಯನ್ನು ಸಹಿಸಿಕೊಳ್ಳುತ್ತಾರೆ. ಅವನ ಹೆಂಡತಿ ಮಹೆಜಬೀನ ಹೇಳುವ ಪ್ರಕಾರ ಅವನು ನಿಕಾಹಕ್ಕೂ ತಡವಾಗಿಯೇ ಬಂದನಂತೆ. “ಯಾಕ ತಡಾ ಅಂತ ನಮ್ಮ ಅಬ್ಬಾ ಕೇಳಿದ್ರ, ನೀವ ಎಲ್ಲಾರೂ ಲಗೂ ಬಂದು ಕುಂತೀರಿ ಅಂದ್ರು, ಬಾಯಾರ.”

ಇನ್ನು ಉಂಬಳದ ವಿಷಯ. ಇದನ್ನು ಹೇಳದೆ ವಜೀರನ ಕತೆ ಮುಂದೆ ಹೋಗುವುದಿಲ್ಲ.

ಮಳೆಗಾಲದಲ್ಲಿ ಅಣಶಿಯ ಕಾಡಿನ ದಾರಿಯಲ್ಲಿ ಪ್ರತಿ ಹುಲ್ಲಿನ ತುದಿಯಲ್ಲೂ ರಕ್ತ ಹೀರುವ ಉಂಬಳಗಳು ಸೆಟೆದು ನಿಂತಿರುತ್ತವೆ. ಹಿಂದೊಮ್ಮೆ ಅಲ್ಲಿಂದ ಮುಂಡಗೋಡದ ಕಡೆಗೆ ಮದುವೆಗೆ ಹೊರಟ ಒಂದು ಜೀಪಿನಲ್ಲಿ ಮದುಮಗಳ ಕಾಲಿಗೆ ಉಂಬಳ ಹತ್ತಿ, ಹಳಿಯಾಳ ಮುಟ್ಟುವ ಹೊತ್ತಿಗೆ ಹೊಸ ಸೀರೆಯ ಅಂಚೆಲ್ಲ ರಕ್ತವಾಗಿತ್ತು. ಗಂಡಿನ ಕಡೆಯವರು ಅಪಶಕುನ ಎಂದರು. ಡ್ರೈವರ್ ಮರ್ಯಾದೆ ಹೋದವನಂತೆ ವಜೀರನ ಶೆಡ್ಡಿಗೆ ಬಂದು, ಉಂಬಳ ಎಲ್ಲಿಂದ ಒಳಗೆ ಬಂತು ನೋಡು ಎಂದ. ವಜೀರ ಜೀಪಿನ ಕೆಳಗೆ ಅಂಗಾತ ಮಲಗಿ ನೋಡಿ, “ಇಲ್ಲಿಂದ” ಎಂದ.

ಅವನು ತೋರಿಸಿದ್ದು ಬಾಗಿಲಿನ ಕೆಳಅಂಚಿನ ಸಣ್ಣ ತೂತುಗಳನ್ನು. ಅವು ಎಲ್ಲ ಗಾಡಿಗಳ ಬಾಗಿಲಿಗೂ ಇರುತ್ತವೆ. ಕಿಟಕಿಯ ಗಾಜಿನ ಸಂದಿಯಿಂದ ಇಳಿದ ಮಳೆನೀರು ಬಾಗಿಲಿನ ಹೊಟ್ಟೆಯಲ್ಲಿ ನಿಲ್ಲದೆ ಹೊರಗೆ ಹೋಗಲಿ ಎಂದು ಇಟ್ಟ ತೂತುಗಳು. ಬಾಗಿಲಿನ ಕೆಳಗೆ, ಗಾಡಿಯ ಮೈಗೆ ಸೇರಿದ ಪೊಳ್ಳು ಪಟ್ಟಿಯೊಂದು ಇರುತ್ತದೆ. ವಜೀರ ಅದನ್ನು ಗಾಡಿಯ ಹೊಸ್ತಿಲು ಎನ್ನುತ್ತಾನೆ. ಅದಕ್ಕೂ ಅಂಥವೇ ತೂತುಗಳು. ಎರಡು ಬಗೆಯ ಅಂಟನ್ನು ಅಂಗೈಯಲ್ಲಿ ಕಲಸಿ ಮುದ್ದೆ ಮಾಡಿ, ವಜೀರ ಅವೆಲ್ಲವನ್ನೂ ಮುಚ್ಚಿದ. ಮುದ್ದೆ ಒಣಗಿ ಕಲ್ಲಾಯಿತು. ಮುಂದಿನ ಮಳೆಗಾಲ ಮುಗಿದ ಮೇಲೆ ಆ ಡ್ರೈವರ್ ಬಂದು, ಒಂದೂ ಉಂಬಳ ಕಾಣಲಿಲ್ಲ ಎಂದು ಪೇಡಾ ಕೊಟ್ಟು ಹೋದ.

ಅಲ್ಲಿಂದ ‘ಉಂಬಳ ಬಾರದ ಬಾಗಿಲು’ ವಜೀರನ ಹೆಸರಾಯಿತು. ಜೋಯಿಡಾ ಕಡೆಯ ಬಾಡಿಗೆ ಗಾಡಿಗಳು ಬಂದವು. ಹಳಿಯಾಳದ ಕಬ್ಬಿನ ಗದ್ದೆಯವರ ಗಾಡಿಗಳು ಬಂದವು, ಅಲ್ಲಿ ಉಂಬಳ ಎಲ್ಲಿದೆಯೋ ನನಗೆ ಗೊತ್ತಿಲ್ಲ. ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಲಾಮಾಗಳ ವ್ಯಾನೂ ಬಂತು. ಒಳಗೆ ಬಂದ ಉಂಬಳಕ್ಕೆ ಉಪ್ಪು ಹಾಕಿ ಕೊಲ್ಲುವುದು ಅವರಿಗೆ ಒಗ್ಗದ ಕೆಲಸ, ಬಾರದಂತೆ ಮಾಡುವವನು ಸಿಕ್ಕರೆ ಅವರಿಗೆ ಅದಕ್ಕಿಂತ ಒಳ್ಳೆಯದೇನು?

ಉಂಬಳ ಬರುವುದು ಹತ್ತುವವರ ಕಾಲಿಗೆ ಅಂಟಿಕೊಂಡು, ತೂತಿನಿಂದಲ್ಲ ಎಂದು ನಾನು ಗೋಡೆಯ ಈಚೆಯಿಂದ ಹೇಳಿದೆ. ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವಳು, ಅದಕ್ಕೇ ಇಲ್ಲಿಯವರಿಗೆಲ್ಲ ‘ಬಾಯಾರು’.

“ನೀವು ಕೊಯ್ದದ್ದು ಕಪ್ಪಿ, ಬಾಯಾರ. ಅದೂ ಸತ್ತ ಕಪ್ಪಿ,” ಎಂದ ವಜೀರ. “ಉಂಬಳ ಕಾಲೇಜಿಗೆ ಹೋಗಿಲ್ಲ. ಅದಕ್ಕ ಯಾವ ದಾರಿ ಸಿಗತೈತಿ ಆ ದಾರೀಲೆ ಬರತೈತಿ.”

ನನ್ನ ಹಳೆಯ ಕಾರಿನ ಬಂಪರಿಗೆ ಬಣ್ಣ ಹೊಡೆಯಲು ಕೊಟ್ಟಾಗ, ಕೇಳದೆಯೇ ಅದರ ಬಾಗಿಲುಗಳ ತೂತುಗಳನ್ನೂ ಮುಚ್ಚಿ ಕಳಿಸಿದ. ನಾನು ಅಣಶಿಗೆ ಹೋಗುವವಳಲ್ಲ ಎಂದೆ. “ಹೋಗಬೇಕನಿಸಿದ್ರ ಹೋಗ್ರಿ. ಬಾಗ್ಲಾ ತಯಾರ ಅದಾವ,” ಎಂದ. ಪೇಟೆಗೆ ಹೋಗಿ ಬರುವ ಕಾರು, ಇರಲಿ ಎಂದು ಬಿಟ್ಟೆ.

ಶಾಲೆಯ ಮಕ್ಕಳನ್ನು ಒಯ್ಯುವ ಸುಮಿತಾಳ ಓಮ್ನಿ ವ್ಯಾನು ಆ ಶೆಡ್ಡಿಗೆ ಎರಡನೆಯ ಸಲ ಬಂದದ್ದು ಈ ಬೇಸಿಗೆಯಲ್ಲಿ. ಮೊದಲ ಸಲ ಅದನ್ನು ತಂದವನು ಅವಳ ಗಂಡ ಈರೇಶ. ಹಳಿಯಾಳದ ಹತ್ತಿರದ ಹಳ್ಳಿಯವನು, ವಿದ್ಯುತ್ ಲೈನಿನ ಗುತ್ತಿಗೆದಾರರ ಕೈಕೆಳಗೆ ದುಡಿಯುತ್ತ ಅಣಶಿಯಿಂದ ಒಳಗಿನ ಒಂದು ಕೇರಿಯಲ್ಲಿ ಮನೆ ಮಾಡಿಕೊಂಡಿದ್ದ. ಆ ಕೇರಿಯಿಂದ ಮತ್ತು ದಾರಿಯಲ್ಲಿ ಸಿಗುವ ಮನೆಗಳಿಂದ ಮಕ್ಕಳನ್ನು ಹತ್ತಿಸಿಕೊಂಡು ಹೈಸ್ಕೂಲಿಗೆ ಬಿಟ್ಟು ಬರಲು ವ್ಯಾನು ಕೊಂಡ. ಮಕ್ಕಳ ಕಾಲಿಗೆ ಉಂಬಳ ಹತ್ತುತ್ತವೆ ಎಂದು ವಜೀರನಿಂದ ತೂತುಗಳನ್ನು ಮುಚ್ಚಿಸಿಕೊಂಡು ಹೋದ. ಮುಂದೆ ಕಾಮಾಲೆಯಾಗಿ ಹೋಗಿಬಿಟ್ಟ. ಸುಮಿತಾ ಡ್ರೈವಿಂಗ್ ಕಲಿತು ಅದೇ ವ್ಯಾನನ್ನು ಅದೇ ದಾರಿಯಲ್ಲಿ ಓಡಿಸತೊಡಗಿದಳು.

ಆ ದಾರಿ ಎಂಥದೆಂದು ಹೇಳಬೇಕು. ಬಸ್ಸು ಬರುವುದು ಡಾಂಬರು ರಸ್ತೆಗೆ ಮಾತ್ರ. ಕೇರಿಯಿಂದ ಅಲ್ಲಿಗೆ ಬರಬೇಕಾದರೆ ಕಾಡು ದಾಟಬೇಕು, ಕಾಡಿನಲ್ಲಿ ಕರಡಿ ಇದೆ. ಗಂಡುಮಕ್ಕಳು ಗುಂಪಾಗಿ ನಡೆದುಬಿಡುತ್ತಾರೆ. ಹೆಣ್ಣುಮಕ್ಕಳನ್ನು ಯಾರೂ ನಡೆಸುವುದಿಲ್ಲ. ವ್ಯಾನು ಬರುವ ಮೊದಲು ಅಲ್ಲಿನ ಹುಡುಗಿಯರ ಓದು ಏಳನೆಯ ತರಗತಿಗೆ ಮುಗಿಯುತ್ತಿತ್ತು. ವ್ಯಾನು ಬಂದ ಮೇಲೆ ಮುಂದುವರಿಯಿತು. ಅದರಲ್ಲಿ ಸುಮಿತಾಳ ಮಗಳು ಅನ್ನಪೂರ್ಣಾಳೂ ಒಬ್ಬಳು. ಈ ಜೂನಿಗೆ ಅವಳು ಹತ್ತನೆಯ ತರಗತಿ.

ವ್ಯಾನಿಗೆ ಹದಿನೈದು ವರ್ಷ ತುಂಬುತ್ತಿತ್ತು. ಅದು ಮುಂದೆಯೂ ರಸ್ತೆಯ ಮೇಲಿರಬೇಕಾದರೆ ಜೂನ್ ಆರಂಭದಲ್ಲಿ ತಪಾಸಣೆಯಲ್ಲಿ ಪಾಸಾಗಬೇಕಿತ್ತು. ಆದರೆ ಬಾಗಿಲುಗಳು ಹೋಗಿದ್ದವು. ಮಾರ್ಚಿನಲ್ಲಿ ಒಂದು ಮಗು ಜಾರುಬಾಗಿಲಿಗೆ ಕಾಲು ಒತ್ತಿ ಕೂತಿದ್ದಾಗ ಕೆಳಗಿನ ತಗಡು ಬಿಸ್ಕತ್ತಿನಂತೆ ಮುರಿದು, ಮಗುವಿನ ಚಪ್ಪಲಿ ರಸ್ತೆಗೆ ಬಿತ್ತು. ಕಾಲು ಬೀಳಲಿಲ್ಲ. ಸುಮಿತಾ ಅಂದಿನಿಂದ ಆ ಬಾಗಿಲನ್ನು ಹಗ್ಗದಿಂದ ಕಟ್ಟಿ ಓಡಿಸಿದಳು. ಪರೀಕ್ಷೆಗಳು ಮುಗಿದ ಮೇಲೆ ವಜೀರನ ಹತ್ತಿರ ತಂದಳು.

ಹಳೆಯ ಬಾಗಿಲುಗಳನ್ನು ಬಿಚ್ಚುವಾಗ ಸುಮಿತಾ ಅಲ್ಲೇ ನಿಂತಿದ್ದಳು, ನಾನು ಗೋಡೆಯ ಹತ್ತಿರ ಕರಿಬೇವು ಕೀಳುತ್ತಿದ್ದೆ. ಪಕ್ಕದ ಶೆಡ್ಡಿನ ವೆಲ್ಡರ್ ಮುಬಾರಕ ಡ್ರೈವರ್ ಬದಿಯ ಬಾಗಿಲನ್ನು ಹೊತ್ತು ಕೆಳಗಿಡುತ್ತಿದ್ದ. ಬಾಗಿಲು ವಾಲಿದಾಗ ಒಳಗೆ ಕೊಡದಲ್ಲಿ ನೀರು ಕುಲುಕಿದ ಹಾಗೆ ಸದ್ದಾಯಿತು. ಮುಬಾರಕ ಅದನ್ನು ಇನ್ನೊಮ್ಮೆ ಅಲ್ಲಾಡಿಸಿ ಕಿವಿಗೊಟ್ಟ.

“ವಜೀರಭಾಯಿ, ಎಳನೀರ ಐತಿ ನೋಡ್ರಿ. ಕೊಳವಿ ತರಲೇನು?”

“ಅಡ್ಡಮಳಿ ಬಿದ್ದೈತಿ, ನೀರ ಐತಿ. ಅದರಾಗೇನೈತಿ?”

“ಅಡ್ಡಮಳಿ ಬಿದ್ದು ವಾರದ ಮ್ಯಾಲಾತು.”

“ಹಂಗಾರ ತೊಳದಾಳ. ಎಮ್ಮಿ ತೊಳದಂಗ ದಿನಾ ತೊಳೀತಾಳ ಆಕಿ. ನೀರ ಹಾಕಿದ್ರ ತುಕ್ಕ ಹಿಡೀದ ಏನ ಮಾಡತೈತಿ?”

“ವಾರಕ್ಕೊಮ್ಮೆ ತೊಳೀತೇನ್ರಿ ಚಾಚಾ,” ಎಂದಳು ಸುಮಿತಾ. “ಹುಡುಗೂರ ಕೂಡೂ ಗಾಡಿ. ಕೆಸರ ಹಂಗ ಬಿಡಾಕ ಬರತೈತೇನ್ರಿ?”

“ನಿನಗ ಅಂದಿಲ್ಲವ್ವಾ. ಆ ಕಡೆ ಗಾಳೀನ ಹಂಗೈತಿ. ಘಟ್ಟದ ಕೆಳಗಿಂದ ಉಪ್ಪಿನ ಗಾಳಿ ಏರಿ ಬರತೈತಿ. ಕೊಂಕಣದ ಗಾಳಿ ಬಡದ್ರ ಕಬ್ಬಣಾನೂ ಹಪ್ಪಳ ಆಗತೈತಿ.”

ಮುಬಾರಕ ಸ್ಕ್ರೂಡ್ರೈವರನ್ನು ಬಾಗಿಲಿನ ಕೆಳಅಂಚಿಗೆ ಇಟ್ಟು ಮೀಟಿದ. ವಜೀರನ ಹಳೆಯ ಮುದ್ದೆ ಅಲುಗಾಡುವ ಹಲ್ಲಿನಂತೆ ಇಡಿಯಾಗಿ ಕಿತ್ತು ಬಂತು. ಅದರ ಹಿಂದೆಯೇ ಇಟ್ಟಿಗೆ ಬಣ್ಣದ ನೀರು ಧಾರೆಯಾಗಿ ಸುರಿಯಿತು. ಹೊರಗೆ ಹೋಗಲಾರದೆ ನಿಂತ ನೀರಿಗೆ ಸುತ್ತಲಿನ ತಗಡು ಪುಡಿಯಾಗಿತ್ತು. ಮುದ್ದೆಗೆ ಮಾತ್ರ ಏನೂ ಆಗಿರಲಿಲ್ಲ.

ವಜೀರ ಅದನ್ನು ನೆಲದಿಂದ ಎತ್ತಿ ಒರೆಸಿದ. “ಕೆಲಸ ಅಂದ್ರ ಇದು,” ಎಂದ. “ಇಷ್ಟ ಮಳಿಗಾಲ ಹೋದ್ರೂ ಹೆಂಗ ಐತಿ ನೋಡ.”

ಮುಬಾರಕ ನಗತೊಡಗಿದ. ಸುಮಿತಾ ನಗಲಿಲ್ಲ. ನೀರು ಹರಿದು ಗಟಾರದ ಕಡೆ ಹೋಗುವುದನ್ನೇ ನೋಡುತ್ತ ನಿಂತಿದ್ದಳು. ಅವಳಿಗೆ ಆಗಲೇ ಎಲ್ಲ ತಿಳಿಯಿತೋ ಇಲ್ಲವೋ ನಾನು ಹೇಳಲಾರೆ. ಅವಳು ಕೇಳಿದ್ದು ಒಂದೇ ಮಾತು.

“ಪಾಸ ಆಗತೈತಲ್ರಿ ಚಾಚಾ?”

“ಬಾಗ್ಲಾ ಬ್ಯಾರೆ ಹಾಕಿದ ಮ್ಯಾಲ ಯಾಕ ಆಗೂದಿಲ್ಲ?”

“ಹೊಸ್ತಿಲಾ ಒಮ್ಮೆ ಬಡದ ನೋಡ್ರಿ,” ಎಂದ ಮುಬಾರಕ.

“ಹೊಸ್ತಿಲಾ ಛಲೋ ಐತಿ,” ಎಂದ ವಜೀರ. ಬಗ್ಗಿ ನೋಡಲಿಲ್ಲ. ಮುದ್ದೆಯನ್ನು ಅಂಗಿಯ ಕಿಸೆಗೆ ಹಾಕಿಕೊಂಡ.

ಹುಬ್ಬಳ್ಳಿಯ ಗುಜರಿಯಿಂದ ಬೇರೆ ಬಾಗಿಲುಗಳು ಬಂದವು. ಒಂದು ನೀಲಿ, ಒಂದು ಕೆಂಪು, ಜಾರುಬಾಗಿಲು ಯಾವುದೋ ಬೇಕರಿಯದು, ಅದರ ಮೇಲೆ ಅರ್ಧ ಕೇಕಿನ ಚಿತ್ರ ಇತ್ತು. ಇಂಥ ಕೆಲಸದಲ್ಲಿ ವಜೀರ ಅವಸರ ಮಾಡುವುದಿಲ್ಲ. ತಂತಿ ಬ್ರಷ್ಷಿನಿಂದ ಉಜ್ಜಿದ. ಪಾಲಿಶ್ ಕಾಗದವನ್ನು ನೀರಿನಲ್ಲಿ ಅದ್ದಿ ಅದ್ದಿ ತಗಡು ಬೆಳ್ಳಗಾಗುವವರೆಗೆ ತಿಕ್ಕಿದ. ಮಡಿಕೆಗಳ ಸಂದಿಯಲ್ಲಿ ಉಳಿದ ತುಕ್ಕನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು, ತುಕ್ಕು ಕೊಲ್ಲುವ ದ್ರಾವಣ ಬಳಿದ. ಬಾಗಿಲಿನ ಹೊಟ್ಟೆಯೊಳಗೆ ಕೈ ಹಾಕಿ, ಕಣ್ಣಿಗೆ ಕಾಣದ ಮೂಲೆಗಳಿಗೂ ರೆಡ್‌ಆಕ್ಸೈಡ್ ಬಣ್ಣ ಹಚ್ಚಿದ. ಯಾರೂ ನೋಡದ ಕಡೆ ಇಷ್ಟು ಶ್ರಮ ಯಾಕೆ ಎಂದು ಮಹೆಜಬೀನ ಕೇಳಿದ್ದಕ್ಕೆ, “ನೀರ ನೋಡತೈತಿ” ಎಂದ. ಈ ಮಾತು ಅವನ ಬಾಯಿಂದ ಬಂದದ್ದು ನನಗೆ ಆಶ್ಚರ್ಯವಾಯಿತು.

ಒಂದು ಸಂಜೆ ಅವನು ವ್ಯಾನಿನ ಹೊಸ್ತಿಲನ್ನು ಸುತ್ತಿಗೆಯ ಹಿಡಿಯಿಂದ ಬಡಿಯುವುದು ಕೇಳಿತು. ಟಣ್ ಟಣ್ ಎಂದು ಹಿಂದಿನಿಂದ ಮುಂದಕ್ಕೆ ಬಂದ ಸದ್ದು ನಡುವೆ ಒಂದು ಕಡೆ ಮೆತ್ತಗಾಗಿ ನಿಂತುಬಿಟ್ಟಿತು. ಮರುದಿನ ನೋಡಿದರೆ ಹೊಸ್ತಿಲಿಗೆಲ್ಲ ಡಾಂಬರಿನಂಥ ಕಪ್ಪು ಬಣ್ಣ ದಪ್ಪಗೆ ಮೆತ್ತಿತ್ತು.

“ಇದೇನು?” ಎಂದೆ.

“ತುಕ್ಕ ತಡೀತೈತ್ರಿ, ಬಾಯಾರ.”

ತುಕ್ಕನ್ನು ತಡೆಯುವುದು ಬೇರೆ, ಮುಚ್ಚುವುದು ಬೇರೆ. ಅದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ನಾನು ಸುಮಿತಾಳಿಗೆ ಹೇಳಬಹುದಿತ್ತು. ಹೇಳಿ ಆಗುವುದೇನಿತ್ತು ಎಂಬುದೂ ನಿಜ. ಇನ್ನೊಂದು ವ್ಯಾನು ಕೊಳ್ಳುವ ಸ್ಥಿತಿ ಅವಳದಲ್ಲ, ಶಾಲೆ ಶುರುವಾಗುವ ದಿನ ಹಿಂದೆ ಸರಿಯುವುದಿಲ್ಲ.

ಅಷ್ಟರಲ್ಲಿ ಮಳೆ ಬಂತು. ಈ ಸಲ ಅದು ಮೇ ಮುಗಿಯುವವರೆಗೂ ಕಾಯಲಿಲ್ಲ. ಗಾಡಿಗೆ ಹೊಡೆಯುವ ಬಣ್ಣಕ್ಕೆ ತೇವದ ಗಾಳಿ ಶತ್ರು. ವಜೀರ ಬಿಳಿ ಬಣ್ಣಕ್ಕೆ ಹಳದಿಯ ಹನಿ, ಕಪ್ಪಿನ ಹನಿ ಸೇರಿಸಿ, ಮುಪ್ಪಾದ ವ್ಯಾನಿನ ಬಿಳಿಗೆ ಸರಿಯಾಗಿ ಹೊಂದಿಸಿದ್ದ. ಹೊಡೆದಾಗ ಕನ್ನಡಿಯಂತಿದ್ದ ಬಾಗಿಲು, ಚಹಾ ಕುಡಿದು ಬರುವಷ್ಟರಲ್ಲಿ ಬೂದಿ ಎರಚಿದಂತೆ ಮಂಕಾಗಿತ್ತು. ಅದನ್ನೆಲ್ಲ ತಿಕ್ಕಿ ತೆಗೆದು ಮತ್ತೆ ಹೊಡೆದ. ಮತ್ತೆ ಮಂಕಾಯಿತು. ಮೂರನೆಯ ಸಲ ಹೊಡೆಯುವಾಗ ಕರೆಂಟು ಹೋಗಿ ಕಂಪ್ರೆಸರ್ ನಿಂತು, ಬಣ್ಣ ಹನಿಹನಿಯಾಗಿ ಇಳಿಯಿತು. ಅವನು ಪೈಪು ಹಿಡಿದುಕೊಂಡು ತಗಡಿನ ಮೇಲೆ ಬೀಳುವ ಮಳೆಯನ್ನು ಕೇಳುತ್ತ ನಿಂತಿದ್ದ. ಯಾರನ್ನೂ ಬೈಯಲಿಲ್ಲ. ಬೈಯದ ವಜೀರನನ್ನು ನಾನು ಅಂದೇ ಮೊದಲ ಸಲ ನೋಡಿದ್ದು.

ಕೊನೆಗೆ ಮನೆಯಿಂದ ಇದ್ದಲಿ ಶಿಗಡಿ ತರಿಸಿ, ತಾಡಪಾಲು ಕಟ್ಟಿ, ಬಾಗಿಲುಗಳನ್ನು ದೂರದಿಂದ ಬೆಚ್ಚಗೆ ಮಾಡತೊಡಗಿದ. ಥಿನ್ನರ್ ಡಬ್ಬಿಗಳ ನಡುವೆ ಬೆಂಕಿ. ನಾನು ಗೋಡೆಯ ಮೇಲಿಂದ ಗದರಿದೆ.

“ಬಾಯಾರ, ಡಬ್ಬಿ ಎಲ್ಲಾ ಮುಬಾರಕನ ಶೆಡ್ಡಿಗೆ ಸಾಗಿಸೀನಿ. ಹತ್ತಿದ್ರ ಅವಂದ ಹತ್ತತೈತಿ.”

“ನನ್ನ ಶಿಗಡಿ ಮ್ಯಾಲ ರೊಟ್ಟಿ ಬಿಟ್ಟು ಬಾಗ್ಲಾ ಬೇಯಿಸಾಕತ್ತಾರ,” ಎಂದಳು ಮಹೆಜಬೀನ. “ಮನ್ಯಾಗ ಎಲ್ಲಾರೂ ಬಾಗ್ಲಾನ ತಿನ್ನೂಣು.”

ಬಣ್ಣ ಅಂತೂ ಕೂತಿತು. ಬಾಗಿಲುಗಳನ್ನು ಕೂರಿಸುವ ದಿನ ಸುಮಿತಾ ಬಂದಳು, ಜೊತೆಗೆ ಅನ್ನಪೂರ್ಣಾಳೂ ಇದ್ದಳು. ಹುಡುಗಿ ತನ್ನ ಮುಖ ಬಾಗಿಲಿನಲ್ಲಿ ಕಾಣುತ್ತದೆಯೇ ಎಂದು ಬಗ್ಗಿ ನೋಡಿ ಜಡೆ ಸರಿ ಮಾಡಿಕೊಂಡಳು. ವಜೀರ ಮುದ್ದೆಯ ಅಂಟು ಕಲಸುತ್ತ ಕೂತಿದ್ದ. ಅದು ಅವನ ಪದ್ಧತಿ, ಬಾಗಿಲು ಕೂರಿಸುವ ಮೊದಲು ಕೊನೆಯ ಕೆಲಸ.

“ಚಾಚಾ, ತೂತು ಮುಚ್ಚೂದ ಮರೀಬ್ಯಾಡ್ರಿ,” ಎಂದಳು ಸುಮಿತಾ. “ಹುಡುಗೂರ ಕಾಲಿಗೆ ಉಂಬಳ ಹತ್ತತಾವ.”

ಅಂದರೆ ಅವಳಿಗೆ ತಿಳಿದಿರಲಿಲ್ಲ. ಇಲ್ಲವೇ ತಿಳಿದೂ ಅವನನ್ನೇ ನಂಬಿದ್ದಳು. ಅಂಟನ್ನು ಕಲಸಿದ ಮೇಲೆ ಬೇಗ ಮೆತ್ತಬೇಕು. ವಜೀರ ಅದನ್ನು ಅಂಗೈಯಲ್ಲಿ ಉರುಳಿಸುತ್ತಲೇ ಇದ್ದ. “ಹೂಂ, ಮಾಡತೇನಿ,” ಎಂದ. ಆಮೇಲೆ ಮುಬಾರಕನನ್ನು ಕರೆದು ಬಾಗಿಲು ಎತ್ತಿಸಿದ. ಸಂಜೆ ಅವನ ಕೆಲಸದ ಹಲಗೆಯ ಮೇಲೆ ಆ ಮುದ್ದೆ ಕಲ್ಲಾಗಿ ಬಿದ್ದಿತ್ತು. ಬಾಗಿಲಿನ ತೂತುಗಳು ತೆರೆದೇ ಇದ್ದವು. ಗಡಿಬಿಡಿಯಲ್ಲಿ ಮರೆತಿರಬೇಕು ಎಂದುಕೊಂಡೆ.

ತಪಾಸಣೆಯ ದಿನ ನಾನು ಅಲ್ಲಿರಲಿಲ್ಲ. ಮುಬಾರಕ ಇದ್ದ, ಅವನು ಹೇಳಿದ್ದನ್ನು ಬರೆಯುತ್ತೇನೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ವ್ಯಾನಿನ ಹತ್ತಿರ ಸುಮ್ಮನೆ ನಿಂತಿದ್ದವರು ಕೂಡ ಇದು ಹದಿನೈದು ವರ್ಷದ್ದೇ ಎಂದು ಕೇಳಿದರಂತೆ. ತಪಾಸಣೆಯ ಸಾಹೇಬರು ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ದೀಪ ನೋಡಿದರು, ಬ್ರೇಕ್ ನೋಡಿದರು. ಜಾರುಬಾಗಿಲನ್ನು ಒಮ್ಮೆ ಎಳೆದು ಬಿಟ್ಟು, “ಬಾಗಿಲ ಛಲೋ ಮಾಡ್ಯಾರಲ್ಲ” ಎಂದರು. ವಜೀರ ಸುಮಿತಾಳ ಕಡೆ ತಿರುಗಿ ತಲೆ ಆಡಿಸಿದ. ಆಮೇಲೆ ಸಾಹೇಬರು ಮೊಣಕಾಲೂರಿ ಕೂತು, ಒಂದು ಸ್ಕ್ರೂಡ್ರೈವರಿನಿಂದ ಹೊಸ್ತಿಲನ್ನು ಒತ್ತಿದರು. ಜೋರಾಗಿ ಅಲ್ಲ. ಅದು ಹಿಡಿಯವರೆಗೆ ಒಳಗೆ ಹೋಯಿತು. ಕಪ್ಪು ಬಣ್ಣದ ಹಿಂದಿನಿಂದ ತುಕ್ಕಿನ ಪುಡಿ ಸಕ್ಕರೆಯಂತೆ ಸುರಿಯಿತು.

“ಇದರಾಗ ಹುಡುಗೂರು ಕೂಡತಾರೇನು?” ಎಂದು ಕೇಳಿದರಂತೆ.

ಸುಮಿತಾ “ಹೌದ್ರಿ” ಎಂದಳು.

“ಹಂಗಾರ ನೀವ ಹೇಳ್ರಿ, ನಾ ಪಾಸ ಮಾಡಲೇನು?”

ಉತ್ತರ ಕೊಟ್ಟವನು ವಜೀರ. “ಸಾಹೇಬರ, ನಿಮ್ಮ ಸ್ಕ್ರೂಡ್ರೈವರ ಭಾಳ ಚೂಪ ಐತ್ರಿ.”

ಮುಬಾರಕ ಇದನ್ನು ನಗಿಸಲು ಹೇಳಿದ. ಹೇಳುತ್ತ ಅವನಿಗೇ ನಗು ಬರಲಿಲ್ಲ. ಹೊಸ್ತಿಲಿಗೆ ಹೊಸ ತಗಡು ಬೆಸೆದು ಮತ್ತೆ ತನ್ನಿ ಎಂದು ಸಾಹೇಬರು ಹೇಳಿದ್ದರು. ಮುಬಾರಕ ವ್ಯಾನಿನ ಅಡಿಯಲ್ಲಿ ಮಲಗಿ ಎರಡು ಮೂರು ಕಡೆ ಪ್ರಯತ್ನಿಸಿದ. ಬೆಸೆಯಲು ಅಂಚಿನಲ್ಲಿ ಗಟ್ಟಿ ಕಬ್ಬಿಣ ಬೇಕು. ಅವನ ಜ್ವಾಲೆ ಮುಟ್ಟಿದ ಕಡೆಯಲ್ಲೆಲ್ಲ ತೂತು ದೊಡ್ಡದಾಯಿತು. “ಅಂಗಿಗೆ ತ್ಯಾಪಿ ಹಚ್ಚಬಹುದು ಬಾಯಾರ. ಜ್ಯಾಡನ ಬಲಿಗೆ ಹೆಂಗ ಹಚ್ಚೂದ್ರಿ?” ಎಂದ.

ಶಾಲೆ ಶುರುವಾಯಿತು. ವ್ಯಾನು ಶೆಡ್ಡಿನ ಮುಂದೆ, ಮಳೆಯಲ್ಲಿ, ಮೂರು ಹೊಳೆಯುವ ಬಾಗಿಲುಗಳ ಸಮೇತ ನಿಂತುಕೊಂಡಿತು. ಬಾಗಿಲ ಮೇಲೆ ಬಿದ್ದ ನೀರು ಮುತ್ತಿನಂತೆ ಉರುಳಿ, ಕೆಳಗಿನ ತೂತುಗಳಿಂದ ಸರಿಯಾಗಿ ಹೊರಗೆ ಹೋಗುತ್ತಿತ್ತು.

ಒಂದು ದಿನ ಸುಮಿತಾ ಬಸ್ಸಿನಲ್ಲಿ ಬಂದು, ವ್ಯಾನಿನೊಳಗೆ ಉಳಿದಿದ್ದ ರಬ್ಬರ್ ಚಾಪೆ, ಮುಂದೆ ಅಂಟಿಸಿದ್ದ ಬಸವಣ್ಣನ ಮೂರ್ತಿ, ಮಕ್ಕಳು ಮರೆತ ಒಂದು ಕೊಡೆ ತೆಗೆದುಕೊಂಡಳು. ಗಂಡುಮಕ್ಕಳು ನಡೆದು ಹೋಗುತ್ತಿದ್ದಾರೆ ಎಂದಳು. ಅನ್ನಪೂರ್ಣಾಳನ್ನು ಹಳಿಯಾಳದ ಕಡೆ ತವರಿನಲ್ಲಿ ಬಿಟ್ಟು ಅಲ್ಲಿನ ಶಾಲೆಗೆ ಸೇರಿಸಿದ್ದಾಯಿತು. ಉಳಿದ ಹುಡುಗಿಯರಿಗೆ ಅಂಥ ತವರು ಎಲ್ಲಿಂದ ಬರಬೇಕು? ಅವರು ಮನೆಯಲ್ಲಿದ್ದಾರೆ. “ಒಬ್ಬಾಕಿ ದಿನಾ ಮನಿ ಮುಂದಿನ ದಾರಿಗೆ ಬಂದ ನಿಂದರತಾಳ್ರಿ. ನಾ ಹೇಳೀನಿ, ಗಾಡಿ ಬರೂದಿಲ್ಲ ಅಂತ. ಆದ್ರೂ ಪಾಟಿಚೀಲ ಹಾಕ್ಕೊಂಡ ನಿಂದರತಾಳ.”

ವಜೀರ ಪಾಲಿಶ್ ಕಾಗದ ಹಿಡಿದು ನಿಂತಿದ್ದ. ನಾನು ಗೋಡೆಯ ಈಚೆ ಇದ್ದೆ. ಈಗಲಾದರೂ ಹೇಳುತ್ತಾನೆಯೇ ಎಂದು ನೋಡಿದೆ.

“ಕೊಂಕಣದ ಗಾಳಿ ಭಾಳ ಕೆಟ್ಟದ್ದವ್ವಾ,” ಎಂದ.

ಸುಮಿತಾ ಚಾಪೆಯನ್ನು ಸುತ್ತಿ ಬಗಲಲ್ಲಿ ಇಟ್ಟುಕೊಂಡಳು. ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು.

“ಹೂಂ ಚಾಚಾ. ಗಾಳಿ,” ಎಂದು ಬಸ್ಸಿಗೆ ಹೋದಳು.

ಅಂದಿನಿಂದ ವಜೀರನ ಶೆಡ್ಡು ಬೆಳಗಿನ ಹೊತ್ತು ಮುಚ್ಚಿರತೊಡಗಿತು. ಮೈ ಸರಿಯಿಲ್ಲವೇ ಎಂದು ಮಹೆಜಬೀನಳನ್ನು ಕೇಳಿದೆ. ನಮಾಜು ಮುಗಿಸಿ ಸೈಕಲ್ ಹತ್ತಿ ಹೋಗುತ್ತಾರೆ, ಎಲ್ಲಿಗೆ ಎಂದರೆ ಬಾಯಿ ಬಿಡುವುದಿಲ್ಲ ಎಂದಳು. ಮುಬಾರಕ ಅವನನ್ನು ಬಾಡಿಗೆ ಗಾಡಿಗಳ ಸ್ಟ್ಯಾಂಡಿನಲ್ಲಿ ಒಮ್ಮೆ ನೋಡಿದ್ದನಂತೆ, ಏನೋ ಬಿದ್ದದ್ದನ್ನು ಹುಡುಕುವವನಂತೆ ಗಾಡಿಗಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದನಂತೆ. ನಾನು ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ಮೊನ್ನೆ ಬೆಳಿಗ್ಗೆ ಮಳೆ ಹಿಡಿದೇ ಇತ್ತು. ಚಹಾಕ್ಕೆ ನೀರಿಡುವಾಗ ನನ್ನ ಕಾರು ನಿಲ್ಲುವ ಕಡೆಯಿಂದ ಇಲಿ ಕೆರೆದಂಥ ಸದ್ದು ಕೇಳಿತು. ಬಾಗಿಲು ತೆರೆದು ನೋಡಿದೆ. ತಲೆಗೆ ಗೊಬ್ಬರ ಚೀಲದ ಕೊಪ್ಪೆ ಹಾಕಿಕೊಂಡು ವಜೀರ ಕಾರಿನ ಬದಿಯಲ್ಲಿ ಕೂತಿದ್ದ. ಕೈಯಲ್ಲಿ ದಬ್ಬಳ. ಕಾರಿನ ಬಾಗಿಲಿನ ಕೆಳಗೆ ತಾನೇ ಹಾಕಿದ ಮುದ್ದೆಯನ್ನು ಸುತ್ತಲೂ ಕೆರೆದು ಸಡಿಲು ಮಾಡುತ್ತಿದ್ದ. ಅದು ಕಳಚಿ ಬಿತ್ತು. ಇಟ್ಟಿಗೆ ಬಣ್ಣದ ನೀರು ಸಣ್ಣ ಎಳೆಯಾಗಿ ಅವನ ಚಪ್ಪಲಿಯ ಪಕ್ಕದಿಂದ ಹರಿದು ಬಂತು.

ನಾನು ನಿಂತಿದ್ದು ಆಮೇಲೆ ಅವನ ಕಣ್ಣಿಗೆ ಬಿತ್ತು.

“ಬಣ್ಣ ನೋಡಾಕ ಬಂದಿದ್ನಿ ಬಾಯಾರ,” ಎಂದ. “ಬಂಪರಿಂದು.”

“ಬಂಪರು ಮುಂದೆ ಇದೆ.”

“ಹೌದ್ರಿ. ಛಲೋ ಐತಿ. ಏನೂ ಆಗಿಲ್ಲ.” ಬಿದ್ದ ಮುದ್ದೆಯನ್ನು ಎತ್ತಿ ಕಿಸೆಗೆ ಹಾಕಿದ. ಕಿಸೆ ಆಗಲೇ ಜೋತುಬಿದ್ದಿತ್ತು, ಒಳಗೆ ಕಲ್ಲುಗಳು ತಾಗಿದಂತೆ ಸದ್ದಾಯಿತು. “ಬಸಲಿಂಗಯ್ಯನ ಜೀಪ ಈಗ ಮನಿ ಮುಂದ ಇರತೈತೇನ್ರಿ?”

ಇರುತ್ತದೆ ಎಂದೆ.

ಅವನು ತಲೆ ಆಡಿಸಿ, ಕೊಪ್ಪೆ ಸರಿಮಾಡಿಕೊಂಡು, ಕಾರನ್ನು ಸುತ್ತಿ ಆಚೆ ಬದಿಯ ಬಾಗಿಲಿನ ಹತ್ತಿರ ಹೋಗಿ ಕೂತ.